ಹೊಸ ಪಿಸ್ತೂಲಿನ ಸ್ಪ್ರಿಂಗು

ಮೂಳೆ ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಟೈಲರಮ್ಮ ಪಕ್ಕದವರ ಮಾತು ಕಿವಿಗೆ ಬಿದ್ದದ್ದೇ ಸೊಂಟನೋವು ಮರೆತಳು. ಚಿನ್ನದಂಗಡಿಯವನ ಮಣಿಕಟ್ಟು ಊದಿತ್ತು. ಸುದ್ದಿ ತಿಳಿದು ಓಡಿಬಂದವನು ಅವನ ಹೆಂಡತಿಯ ತಮ್ಮ.

"ಕೈಗೇನಾಯ್ತು ಭಾವ? ಕಳ್ಳ ಬಂದಿದ್ನಾ?"

"ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ. ಹೊಸ ಪಿಸ್ತೂಲು ಕಣೋ. ಗುಂಡು ಒಳಗೆ ಕೂರ್ಬೇಕಾದ್ರೆ ಮೇಲಿನ ಭಾಗ ಹಿಂದಕ್ಕೆ ಎಳೀಬೇಕಂತೆ. ಸ್ಪ್ರಿಂಗು ಬಲೇ ಬಿಗಿ. ಎಳೆದೆ, ಕೈ ಉಳುಕ್ತು."

"ಮತ್ತೆ ಎಳೆಯೋರ್ಯಾರು?"

"ನಿಮ್ಮಕ್ಕ. ಒಲೆ ಮೇಲಿನ ಹಾಲು ನೋಡ್ಕೊಂಡೇ ಸರಕ್ಕಂತ ಎಳೆದುಬಿಟ್ಲು."

"ರಾತ್ರಿ ಕಳ್ಳ ಬಂದ್ರೆ?"

"ಅವಳನ್ನ ಎಬ್ಬಿಸ್ತೀನಿ."

"ಮಲಗಿರೋ ಅಕ್ಕನ್ನ ಎಬ್ಬಿಸೋ ಧೈರ್ಯ ಇದ್ಮೇಲೆ ನಿಮಗೆ ಪಿಸ್ತೂಲು ಯಾಕೆ ಭಾವ?"

ಒಳಗಿಂದ ಕರೆ ಬಂತು. ಭಾವ ಬಾಗಿಲ ಹಿಡಿಕೆ ನೋಡಿದ, ತನ್ನ ಕೈ ನೋಡಿಕೊಂಡ. ಬಾಗಿಲನ್ನೂ ಭಾವಮೈದುನನೇ ಎಳೆದ.