ಗಡಿಯ ತೋರಣ ಕೊಟ್ಟಿಗೆಹಾರದ ಛತ್ರಕ್ಕೆ ಬಂದ ಬಗ್ಗೆ

ನನ್ನ ಹೆಸರು ಗಿಡ್ಡಮ್ಮ, ಗಂಡ ದಿವಂಗತ ಬೊಮ್ಮಯ್ಯ, ವಯಸ್ಸು ಐವತ್ತೆಂಟು ಇರಬಹುದು, ಕಸುಬು ಕಾಫಿ ತೋಟದ ಕೂಲಿ, ವಾಸ ಮೂಡಿಗೆರೆ ತಾಲ್ಲೂಕು ಬಾಳೆಗದ್ದೆ ಗ್ರಾಮ. ದಫೇದಾರರು ಕೇಳಿದ್ದಕ್ಕೆ ನಾನು ಈ ಮೂಲಕ ತಿಳಿಸುವುದೇನೆಂದರೆ, ನಮ್ಮೂರ ಪಟೇಲ್ ಮಲ್ಲಿಕಾರ್ಜುನಪ್ಪನವರು ರಸ್ತೆಗೆ ಅಡ್ಡ ಕಟ್ಟಿದರೆಂದು ಪರೀಕ್ಷೆಯ ಸಾಹೇಬರು ಕೊಟ್ಟ ದೂರು ಅರ್ಧ ಮಾತ್ರ ನಿಜ. ಉಳಿದರ್ಧ ನಾನು ಹೇಳುತ್ತೇನೆ, ಪೂರ್ತಿ ಬರೆದುಕೊಳ್ಳಬೇಕು.

ನಮ್ಮೂರ ಶಾಲೆ ಸರ್ಕಾರದ ಗ್ರಾಂಟಿನಲ್ಲಿ ನಡೆಯುತ್ತದೆ. ಮೇಷ್ಟ್ರು ತಮ್ಮಯ್ಯನವರು ಒಬ್ಬರೇ. ಹೋದ ವರ್ಷ ಪರೀಕ್ಷೆ ಹೊತ್ತಿಗೆ ಮಕ್ಕಳಿಗೆಲ್ಲ ಸಿಡುಬು ಎದ್ದು ಒಬ್ಬರೂ ಪಾಸಾಗಲಿಲ್ಲ. ಈ ವರ್ಷವೂ ಹಾಗೇ ಆದರೆ ಗ್ರಾಂಟು ನಿಂತು ಶಾಲೆಗೆ ಬೀಗ ಬೀಳುತ್ತದೆಂದು ಮೇಷ್ಟ್ರು ಮನೆಮನೆಗೆ ಬಂದು ಹೇಳಿದರು. ನನ್ನ ಮೊಮ್ಮಗಳು ಪ್ರೇಮಕುಮಾರಿ ನಾಲ್ಕನೇ ಕ್ಲಾಸು. ತಾಯಿಯಿಲ್ಲದ ಮಗು. ಪುಸ್ತಕ ಹಿಡಿದರೆ ಅದಕ್ಕೆ ಊಟದ ನೆನಪಿರುವುದಿಲ್ಲ.

ಆ ಹೊತ್ತಿಗೆ ಊರಲ್ಲಿ ಸುಗ್ಗಿ ಹಬ್ಬದ ಸಾರು ಹಾಕಿ, ಅಂದರೆ ದೇವರ ಕಟ್ಟುಪಾಡು ಊರಿಗೆಲ್ಲ ಸಾರಿ ಆಗಿತ್ತು. ಸಾರು ಹಾಕಿದ ಮೇಲೆ ನಮ್ಮಲ್ಲಿ ಹಸಿ ಸೊಪ್ಪು ಕೊಯ್ಯುವಂತಿಲ್ಲ, ಊರೊಳಗೆ ಜೋಡು ಮೆಟ್ಟುವಂತಿಲ್ಲ, ಊರ ಗಡಿಯಲ್ಲಿ ಕಟ್ಟಿದ ಸೊಪ್ಪಿನ ತೋರಣ ದಾಟಿ ಹೋದವರು ರಾತ್ರಿ ಹೊರಗೆ ತಂಗುವಂತಿಲ್ಲ. ಅದಕ್ಕೇ ಪಟೇಲರು ಕೊಟ್ಟಿಗೆಹಾರದ ಛತ್ರದಲ್ಲಿ ನಡೆಯುವ ಪರೀಕ್ಷೆಗೆ ಮಕ್ಕಳನ್ನು ಕಳಿಸುವುದೇ ಬೇಡವೆಂದರು. ಯಾವಾಗಲೂ ಮಧ್ಯಾಹ್ನಕ್ಕೆ ಮುಗಿಯುವ ಪರೀಕ್ಷೆ, ದೀಪ ಹಚ್ಚುವ ಮುಂಚೆ ನಾನೇ ಕರೆತರುತ್ತೇನೆಂದು ಜಗಳ ಮಾಡಿ ಒಪ್ಪಿಸಿದೆ.

ಇದೇ ತಿಂಗಳು 16ನೇ ತಾರೀಖು ಬುಧವಾರ ಬೆಳಗ್ಗೆ ಎಂಟಕ್ಕೆ ಆರು ಮಕ್ಕಳು, ಮೇಷ್ಟ್ರು, ನಾನು ಏಳು ಮೈಲಿ ಗಾಡಿಯಲ್ಲಿ ಕೊಟ್ಟಿಗೆಹಾರಕ್ಕೆ ಬಂದೆವು. ಹನ್ನೆರಡು ಗಂಟೆಗೆ ಸಾಹೇಬರು, ಈ ವರ್ಷದಿಂದ ಎಲ್ಲ ಶಾಲೆಗೂ ಒಂದೇ ಕಟ್ಟಳೆ, ಸಾಯಂಕಾಲದವರೆಗೆ ಬರೆಯುವುದು, ನಾಳೆ ಬೆಳಗ್ಗೆ ಎಂಟಕ್ಕೆ ಗಟ್ಟಿಯಾಗಿ ಓದುವುದು, ಓದದವರು ಫೇಲು ಎಂದರು. ಮೇಷ್ಟ್ರು ಕೈಮುಗಿದು ಸುಗ್ಗಿಯ ವಿಷಯ ಹೇಳಿದರು. ಕಟ್ಟಳೆಗೆ ಸುಗ್ಗಿ ಗಿಗ್ಗಿ ಗೊತ್ತಿಲ್ಲವೆಂದು ಸಾಹೇಬರು ಅಂದರು. ಹೊತ್ತು ಮುಳುಗಿದ ಮೇಲೆ ಆ ಕಾಡುದಾರಿಯಲ್ಲಿ ಆನೆ ಕಾಟ, ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ತಿರುಗಿ ಹೊರಟಿದ್ದ ಗಾಡಿಯವನ ಹತ್ತಿರ ಪಟೇಲರಿಗೆ ಹೇಳಿಕಳಿಸಿದೆ.

ಸಾಯಂಕಾಲ ಛತ್ರದಲ್ಲಿ ಮಕ್ಕಳೆಲ್ಲ ಅಳುವುದಕ್ಕೆ ಹತ್ತಿದವು. ತಾವು ಹೊರಗೆ ಮಲಗಿದರೆ ಊರಿಗೆ ಕೇಡು ಬರುತ್ತದೆ, ನಡೆದೇ ಹೋಗುತ್ತೇನೆಂದು ಪ್ರೇಮಕುಮಾರಿ ಸ್ಲೇಟು ಕಟ್ಟಿಕೊಂಡು ಮೆಟ್ಟಿಲು ಇಳಿಯಿತು. ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡೆ.

ಆರೂಕಾಲಕ್ಕೆ ಪಟೇಲರು ಬಂದರು. ನನಗೆ ಸರಿಯಾಗಿ ಉಗಿಯುತ್ತಾರೆಂದುಕೊಂಡೆ. ಆದರೆ ಅವರು ಮಕ್ಕಳ ಮುಖ ನೋಡಿ ಹೆಗಲ ಗಂಟು ಬಿಚ್ಚಿದರು. ಒಳಗೆ ನಮ್ಮೂರ ಗಡಿಯ ತೋರಣ ಇತ್ತು. ಹೊಸ ಸೊಪ್ಪು ಕೊಯ್ಯುವಂತಿಲ್ಲವಲ್ಲ, ಬಾಡಿದ್ದನ್ನೇ ಬಿಚ್ಚಿ ತಂದಿದ್ದರು. ಊರಲ್ಲಿ ಅದರ ಜಾಗಕ್ಕೆ ಹುಲ್ಲಿನ ಹಗ್ಗ ಕಟ್ಟಿದ್ದರಂತೆ. ದೇವರು ಒಪ್ಪುತ್ತದೆಯೇ ಎಂದು ಕೇಳಿದೆ.

"ಸಾರು ಹಾಕ್ಸಿದ್ದು ನಾನೇ ಅಲ್ವೇನೆ ಗಿಡ್ಡಮ್ಮ? ಈ ಮಕ್ಕಳು ಮಲಗಿದ್ ಜಾಗ ಇವತ್ತು ನಮ್ಮೂರು," ಅಂದರು.

ಗಡಿಯ ತೋರಣ ದಾರಿಗೆ ಅಡ್ಡವೇ ಕಟ್ಟಬೇಕು. ಛತ್ರದ ಕಂಬಕ್ಕೆ ಒಂದು ತುದಿ, ಎದುರಿನ ಮರಕ್ಕೆ ಇನ್ನೊಂದು ತುದಿ ಕಟ್ಟಿದ್ದಾಯಿತು. ಮಕ್ಕಳು ಅದರಡಿ ನುಗ್ಗಿ ಒಳಗೆ ಬಂದು, ಅವಲಕ್ಕಿ ತಿಂದು ಮಲಗಿದವು.

ಏಳು ಗಂಟೆಗೆ ಸಾಹೇಬರ ಮೋಟಾರು ಬಂತು. ಬಿಚ್ಚಿ ಎಂದರು. ಮಕ್ಕಳು ಏಳುವವರೆಗೆ ಬಿಚ್ಚುವಂತಿಲ್ಲ, ತಾವು ಇಳಿದುಕೊಂಡ ಬಂಗಲೆ ಅರ್ಧ ಫರ್ಲಾಂಗೂ ಇಲ್ಲ, ನಡೆದು ದಯಮಾಡಿಸಬೇಕೆಂದು ಪಟೇಲರು ಮರ್ಯಾದೆಯಿಂದಲೇ ಹೇಳಿದರು. ಊರೊಳಗೆ ಬಂದ ಹಾಗಾಯಿತು, ಜೋಡು ಕೈಯಲ್ಲಿ ಹಿಡಿದುಕೊಳ್ಳಿ ಎಂದೂ ಹೇಳಿದರು. ಅದನ್ನು ಹೇಳದಿದ್ದರೆ ಚೆನ್ನಾಗಿತ್ತು. ಸಾಹೇಬರು ಕೆಂಡವಾಗಿ ಮೋಟಾರು ಅಲ್ಲೇ ಬಿಟ್ಟು ಗದ್ದೆ ಬಳಸಿ ನಡೆದು ಹೋದರು.

ಗುರುವಾರ ಬೆಳಗ್ಗೆ ಏಳಕ್ಕೇ ಮೋಟಾರು ಚಿಕ್ಕಮಗಳೂರಿಗೆ ಹೋಯಿತೆಂದು ಬಂಗಲೆಯ ಆಳು ಹೇಳಿದನು. ಆರೂ ಮಕ್ಕಳು ಮುಖ ತೊಳೆದು, ತಲೆ ಬಾಚಿಸಿಕೊಂಡು, ಛತ್ರದ ಜಗಲಿಯಲ್ಲಿ ಪುಸ್ತಕ ಬಿಡಿಸಿ ಮಧ್ಯಾಹ್ನದವರೆಗೂ ಕೂತಿದ್ದವು. ಕೇಳುವವರು ಯಾರೂ ಬರಲಿಲ್ಲ. ಮೇಷ್ಟ್ರು ಗೋಡೆ ಕಡೆ ತಿರುಗಿ ನಿಂತುಬಿಟ್ಟರು. ಆ ಪಾಪ ಯಾರಿಗೆ ಸುತ್ತಿಕೊಳ್ಳುತ್ತದೋ ನಾನರಿಯೆ.

ಪಟೇಲರು ಕಟ್ಟಿದ ತುದಿ ಎತ್ತರದಲ್ಲಿತ್ತು, ಮೋಟಾರು ನುಸುಳುತ್ತಿತ್ತು. ಮರದ ಕಡೆಯ ತುದಿ ಕಟ್ಟಿದವಳು ನಾನು. ನನ್ನ ಕೈ ಅಷ್ಟೇ ಎಟುಕಿದ್ದು. ಅಡ್ಡವಾದದ್ದು ಅದು. ಕೇಸು ಹಾಕುವುದಾದರೆ ನನ್ನ ಮೇಲೆ ಹಾಕಬೇಕು, ಮಕ್ಕಳನ್ನು ಫೇಲು ಮಾಡಬಾರದು.

ಮೇಲೆ ಬರೆದದ್ದೆಲ್ಲ ನಾನು ಕಂಡದ್ದು, ಸತ್ಯ. ನನಗೆ ಓದು ಬಾರದ ಕಾರಣ ದಫೇದಾರರು ಓದಿ ಹೇಳಲು ಹೊರಟರು. ನಾನು ಬೇಡವೆಂದು ಹೇಳಿ ಮೊಮ್ಮಗಳ ಕೈಯಲ್ಲಿ ಓದಿಸಿ, ಕೇಳಿ, ಹೆಬ್ಬೆಟ್ಟು ಒತ್ತಿರುತ್ತೇನೆ.

ಸ್ಥಳ: ಮೂಡಿಗೆರೆ
ತಾರೀಖು: 19-3-1938
ಗಿಡ್ಡಮ್ಮಳ ಎಡಗೈ ಹೆಬ್ಬೆಟ್ಟಿನ ಗುರುತು

ಈ ಹೇಳಿಕೆಯನ್ನು ಬಾಳೆಗದ್ದೆ ಶಾಲೆ ನಾಲ್ಕನೇ ಕ್ಲಾಸಿನ ಪ್ರೇಮಕುಮಾರಿ ನನ್ನ ಎದುರು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿರುತ್ತಾಳೆ. ಎಲ್ಲಿಯೂ ತಡವರಿಸಲಿಲ್ಲ. ನಕಲು ವಿದ್ಯಾ ಇಲಾಖೆಗೆ ಕಳಿಸಿದೆ.
(ಸಹಿ) ದಫೇದಾರ್