ಮುಳುಗಿದ ಸಮುದ್ರತಳದ ಕಲ್ಲುಗಳು

ಭೂವಿಜ್ಞಾನ ವಿಭಾಗಕ್ಕೆಂದು ದೂರದ ದ್ವೀಪವೊಂದರ ಜ್ವಾಲಾಮುಖಿಗಳಿಂದ ಮೂವತ್ತು ವರ್ಷ ಆರಿಸಿ ತಂದಿಟ್ಟ ಕಲ್ಲುಗಳಲ್ಲಿ ಅರ್ಧವನ್ನು ಕಾಲೇಜಿನವರು ರಸ್ತೆಗುಂಡಿ ತುಂಬಲು ಸುರಿಸಿದರು. ಮರುದಿನ ಬಸ್ ನಿಲ್ದಾಣದ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ, ಆ ಕಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ತೆಳ್ಳಗೆ ಅರೆಯುತ್ತಲೇ ತಲೆ ನರೆತ ಪ್ರಯೋಗಾಲಯದ ಕೆಲಸಗಾರರೊಬ್ಬರು ಕುಳಿತಿದ್ದರು. ಜೊತೆಗೆ, ಅವರ ಹತ್ತಿರವೇ ಕೈಕೆಲಸ ಕಲಿತು ಈಗ ವಿಭಾಗದ ಮುಖ್ಯಸ್ಥೆಯಾಗಿರುವ ಮೇಡಂ.

"ನಿಮ್ಮ ಕೈಲಿ ಬೈಸ್ಕೊಂಡಿದ್ದು ಇನ್ನೂ ನೆನಪಿದೆ ಅಣ್ಣ," ಎಂದರು ಮೇಡಂ.

"ಬೈಯದೆ ಏನ್ಮಾಡ್ಲಮ್ಮ? ಗಾಜಿಗೆ ಅಂಟಿಸಿದ ಕಲ್ಲಿನ ಬಿಲ್ಲೆ. ಕೆಳಗೆ ಪೇಪರ್ ಇಟ್ರೆ ಅಕ್ಷರ ಕಾಣೋಷ್ಟು ತೆಳ್ಳಗಾದ್ರೆ ಸಾಕು ಅಂದಿದ್ದೆ. ನೀವು ಕಲ್ಲನ್ನೇ ಮಾಯ ಮಾಡಿಬಿಟ್ರಿ."

"ಎರಡನೇದನ್ನ ನೀವೇ ಅರೆದುಕೊಟ್ರಿ. ಅದರ ಹಸಿರು ಹರಳಲ್ಲೇ ಅಲ್ವಾ ಆ ಕಲ್ಲು ಎಲ್ಲಿಂದ ಬಂತು ಅನ್ನೋ ಗುಟ್ಟು ಸಿಕ್ಕಿದ್ದು."

"ಹೂಂ. ಯಾವುದೋ ಕಾಲದಲ್ಲಿ ಭೂಮಿಯೊಳಗೆ ಇಳಿದುಹೋದ ಸಮುದ್ರದ ತಳ, ಕೋಟಿ ಕೋಟಿ ವರ್ಷ ಆಳದಲ್ಲಿ ಬೆಂದು, ದ್ವೀಪದ ಬಾಯಲ್ಲಿ ಬೆಂಕಿಯಾಗಿ ಮೇಲೆ ಬಂತು ಅಂತ ಹೇಳಿದ್ರಿ. ಮನೆಗೆ ಹೋಗಿ ನಮ್ಮವಳಿಗೂ ಹೇಳ್ದೆ. ಗಂಡನ ಮನೇಲಿ ಬೆಂದೋಳು ತವರಿಗೆ ಬಂದ ಹಾಗಾಯ್ತಲ್ಲ ಅಂದ್ಲು."

ಮೇಡಂ ನಕ್ಕರು. ಚೀಲದಿಂದ ಕಾಗದ ತೆಗೆದರು.

"ಉಳಿದರ್ಧಾನೂ ಕೆಲಸಕ್ಕೆ ಬಾರದ ಕಲ್ಲು ಅಂತ ನಿಮ್ಮ ಸಹಿ ಬೇಕಂತೆ. ಮೇಲಿನವರು ತಲೆ ತಿಂತಿದ್ದಾರೆ. ಹಾಕಿಬಿಡಿ ಅಣ್ಣ."

"ನೀವು ಹಾಕಿದ್ರಾ?"

"ಹಾಕಿದೆ."

ಕೆಲಸಗಾರರು ಕಾಗದ ಓದಿ, ಮಡಿಸಿ, ಮೇಡಂ ಕೈಗೇ ಕೊಟ್ಟರು. ಬಸ್ಸು ಬಂತು.

"ಏಳಿ, ಜೊತೇಲೇ ಹೋಗೋಣ," ಎಂದರು. "ಸಹಿ ಮಾತ್ರ ನಾನು ಹಾಕಲ್ಲಮ್ಮ."