ಅಸಲಿ ಕಾರ್ಡು, ಕಳ್ಳ ಪೆಟ್ಟಿಗೆ

ಓರಾನ್ ನಗರದ ಡಿಶ್ ರಿಪೇರಿ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದವರ ಮುಂದೆಯೇ ಒಬ್ಬ ಮುದುಕಿ ರಿಪೇರಿಯವನ ಬಳಿ ಗೋಗರೆಯುತ್ತಿದ್ದಳು.

“ಸ್ಲಿಮಾನ್, ಈ ಸಲ ಕಂಪನಿಯ ಅಸಲಿ ಕಾರ್ಡೇ ಹಾಕಿದೀನಿ ಕಣಪ್ಪಾ. ಆದ್ರೂ ಚಾನೆಲ್ ಬರ್ತಿಲ್ಲ!”

“ಕಾರ್ಡು ಅಸಲಿ ಹಾಜಿಯಮ್ಮಾ, ಡಿಶ್ ಪೆಟ್ಟಿಗೆ ಕಳ್ಳ. ಬಿಟ್ಟಿ ನೋಡೋಕೆ ಬೀಗ ಮುರಿದ ಪೆಟ್ಟಿಗೇನ ಕಾರ್ಡು ನಂಬಲ್ಲ.”

“ಮುರಿದೋನು ನೀನೇ ಅಲ್ವೇನೋ!”

“ಮುರಿ ಅಂತ ಗಂಟುಬಿದ್ದೋರು ನೀವೇ. ಈಗ ಸರಿಮಾಡೋಕೆ ಹೋದ್ರೆ ಪೆಟ್ಟಿಗೇನೇ ಸತ್ತೋಗತ್ತೆ.”

“ಸಂಜೆ ಫ್ರಾನ್ಸಲ್ಲಿ ನನ್ನ ಮಗನ ಮೊದಲ ಮ್ಯಾಚು ಕಣೋ. ಪಕ್ಕದ ಮನೆಯೋರ ಟೀವೀನೂ ಕಪ್ಪಾಗಿದೆ.”

“ಕಾಫಿ ಅಂಗಡೀಲಿ ಬರತ್ತಲ್ಲಾ.”

“ಆ ಗಂಡಸರ ಮಧ್ಯೆ ನಾನು ಕೂರ್ಲಾ?”

ಸ್ಲಿಮಾನ್ ಪೆಟ್ಟಿಗೆಯನ್ನು ಅವಳತ್ತ ಸರಿಸಿದ. ಮುದುಕಿ ಅದನ್ನು ತನ್ನ ಬಿಳಿ ಹೊದಿಕೆಯೊಳಗೆ ಅವುಚಿಕೊಂಡಳು.

“ಕಾಫಿ ಅಂಗಡಿ ಹೊರಗೆ ಗೋಡೆಗೆ ಒರಗಿ ನಿಂತಿರ್ತೀನಿ. ಒಳಗೆ ‘ಗೋಲ್’ ಅಂತ ಕೂಗಿದ್ರೆ ನನ್ನ ಮಗನೇ ಹೊಡೆದ ಅಂದ್ಕೋತೀನಿ,” ಎನ್ನುತ್ತಾ ಹೊಸ್ತಿಲು ದಾಟಿದಳು.